ಎರೆ ನೆಲದಲ್ಲಿ ತಗಡಿನ ಶೆಡ್: ಸಿಮೆಂಟಿಗಿಂತ ಮೊದಲು ಗರಸು

ಪ್ರಶ್ನೆ: ಅಣ್ಣಿಗೇರಿ ಸಮೀಪ ನಮ್ಮದು ಎರೆ ಹೊಲ. ಮನೆಯ ಹಿತ್ತಲಿನಲ್ಲಿ ಔಷಧ ಹೊಡೆಯುವ ಪಂಪು, ಹನಿ ನೀರಾವರಿಯ ಪೈಪು, ಗುದ್ದಲಿ, ಸಲಿಕೆ ಇಡಲು 9×12 ಅಡಿಯ ತಗಡಿನ ಶೆಡ್ ಹಾಕಬೇಕೆಂದಿದ್ದೇವೆ. ‘ಹಗುರ ಶೆಡ್ಡು, ಪಾಯ ಬೇಡ, ನೆಲದ ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಸಾಕು’ ಎನ್ನುತ್ತಾರೆ ಗೌಂಡಿಯವರು. ಪಕ್ಕದವರು ಹಾಗೆಯೇ ಮಾಡಿದ್ದರು. ಎರಡೇ ಮಳೆಗಾಲಕ್ಕೆ ನೆಲ ಬಿರಿಯಿತು, ಬಾಗಿಲು ಹಾಕಲು ಬರುತ್ತಿಲ್ಲ. ನಾವೇನು ಮಾಡಬೇಕು?

ಉತ್ತರ: ಗೌಂಡಿಯವರ ಮಾತು ಕೆಂಪು ಮಣ್ಣಿನ ಊರಿನಲ್ಲಿ ನಡೆಯುತ್ತದೆ. ಎರೆ ನೆಲದಲ್ಲಿ ಹಗುರ ಕಟ್ಟಡಕ್ಕೇ ಅಪಾಯ ಹೆಚ್ಚು. ಎರೆ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ತನ್ನ ಪದರಗಳ ನಡುವೆ ನೀರು ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಉಬ್ಬುವಾಗ ಮೇಲಿರುವುದನ್ನೆಲ್ಲ ಎತ್ತುತ್ತದೆ. ಎರಡಂತಸ್ತಿನ ಮನೆ ತನ್ನ ಭಾರದಿಂದ ಅದನ್ನು ಸ್ವಲ್ಪವಾದರೂ ಅದುಮಿ ಹಿಡಿದೀತು, ತಗಡಿನ ಶೆಡ್ಡಿಗೆ ಆ ಭಾರವೆಲ್ಲಿ? ಮಳೆಗಾಲದಲ್ಲಿ ಕಾಂಕ್ರೀಟಿನ ಅಂಚಿನ ಕೆಳಗಿನ ಮಣ್ಣು ನೆನೆದು ಏಳುತ್ತದೆ, ನಡುವಿನದು ಒಣಗಿಯೇ ಇರುತ್ತದೆ. ಬೇಸಿಗೆಯಲ್ಲಿ ಅಂಚು ಒಣಗಿ ಇಳಿಯುತ್ತದೆ. ಪಕ್ಕದವರ ಬಾಗಿಲು ಸಿಕ್ಕಿಕೊಂಡಿದ್ದು ಈ ಏರಿಳಿತದಿಂದಲೇ ಇರಬೇಕು. ನಾಲ್ಕರ ಬದಲು ಆರು ಇಂಚು ಸುರಿದರೂ ಅದು ನಿಲ್ಲುವುದಿಲ್ಲ. ಆದ್ದರಿಂದ ದುಡ್ಡನ್ನು ಗರಸಿಗೆ (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಮೊರಂ) ಮತ್ತು ನೀರು ದೂರ ಕಳಿಸುವುದಕ್ಕೆ ಹಾಕಿ.

ಮೊದಲು ಜಾಗ. ಬೇವು, ಹುಣಸೆಯಂಥ ದೊಡ್ಡ ಮರ ಎಷ್ಟು ಎತ್ತರವಿದೆಯೋ ಅಷ್ಟು ದೂರ ಬಿಡಿ. ಬೇರುಗಳು ಒಂದೇ ಬದಿಯ ತೇವ ಹೀರಿ ನೆಲವನ್ನು ಓರೆಯಾಗಿ ಇಳಿಸುತ್ತವೆ. ಬಚ್ಚಲ ನೀರು ಹರಿಯುವ ಕಡೆ, ನೀರಿನ ತೊಟ್ಟಿಯ ಬದಿಯಲ್ಲಿ ಬೇಡವೇ ಬೇಡ. ಕೆಲಸಕ್ಕೆ ಡಿಸೆಂಬರ್–ಜನವರಿ ಒಳ್ಳೆಯ ಕಾಲ. ಆಗ ಮಳೆಯೂ ಇರುವುದಿಲ್ಲ, ನೆಲ ಪೂರ್ತಿ ಒಣಗಿ ಬಾಯಿಬಿಟ್ಟೂ ಇರುವುದಿಲ್ಲ.

ಗೂಟ ಹೊಡೆದು ಹುರಿ ಕಟ್ಟುವಾಗ ನಿಮ್ಮ ಅಳತೆಯೇ ಅನುಕೂಲಕ್ಕೆ ಬಂದಿದೆ. 9 ಮತ್ತು 12 ಅಡಿಯ ಬದಿಗಳಿಗೆ ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 15 ಅಡಿ ಬರಬೇಕು. ಎರಡೂ ಕಡೆಯಿಂದ 15 ಬಂದರೆ ಮೂಲೆಮಟ್ಟ ಸರಿ.

ಶೆಡ್ಡಿನ ಸುತ್ತ ಎರಡೆರಡು ಅಡಿ ಹೆಚ್ಚು ಸೇರಿಸಿ, ಅಂದರೆ 13×16 ಅಡಿಗೆ, ಎರಡು ಅಡಿ ಆಳ ತೆಗೆಯಿರಿ. ತೆಗೆದ ಎರೆಯನ್ನು ಹೊಲಕ್ಕೆ ಹಾಕಿ. ಗುಂಡಿಗೆ ಗರಸು ತುಂಬಿ, ನೆಲಮಟ್ಟದಿಂದ ಇನ್ನೂ ಒಂದು ಅಡಿ ಮೇಲೆ ತನ್ನಿ. ಮರಳು ಮಾತ್ರ ಬೇಡ. ಮರಳು ತುಂಬಿದ ಗುಂಡಿ ಮಳೆಯ ನೀರನ್ನೆಲ್ಲ ಹಿಡಿದಿಟ್ಟುಕೊಂಡು ಕೆಳಗಿನ ಎರೆಗೆ ನಿಧಾನವಾಗಿ ಕುಡಿಸುತ್ತದೆ. ಸ್ವಲ್ಪ ಜಿಗುಟು ಇರುವ, ಆದರೆ ಉಬ್ಬದ ಗರಸು ದಮ್ಮಸು ಮಾಡಿದ (ಬಡಿದು ಗಟ್ಟಿ ಮಾಡಿದ) ಮೇಲೆ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಎರೆ ನೆಲದಲ್ಲಿ ಹಾಯುವ ಕಾಲುವೆಗಳ ಲೈನಿಂಗ್ ಕೆಳಗೂ ಎಂಜಿನಿಯರುಗಳು ಇಂಥದ್ದೇ ಮಣ್ಣಿನ ಪದರ ಹಾಕುತ್ತಾರೆ.

ಬಂದ ಗರಸು ಉಬ್ಬುತ್ತದೆಯೋ ಇಲ್ಲವೋ ಎಂದು ಮನೆಯಲ್ಲೇ ನೋಡಬಹುದು. ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿ ಹಿಡಿಯಿರಿ. ಒಂದೇ ಅಳತೆಯ ಎರಡು ಗಾಜಿನ ಲೋಟಗಳಿಗೆ ಸಮನಾಗಿ ಪುಡಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಕಲಕಿ ಇಪ್ಪತ್ತನಾಲ್ಕು ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ. ನೀರಿನ ಲೋಟದಲ್ಲಿ ತಳದ ಮಣ್ಣು ಅದಕ್ಕಿಂತ ಒಂದೂವರೆ ಪಟ್ಟು ಎತ್ತರ ನಿಂತರೆ ಆ ಗರಸನ್ನು ವಾಪಸು ಕಳಿಸಿ. ಪ್ರಯೋಗಾಲಯದ ಪರೀಕ್ಷೆಯ ತತ್ವವೂ ಇದೇ. ನಿಮ್ಮ ಹಿತ್ತಲ ಎರೆಯನ್ನೂ ಒಮ್ಮೆ ಹೀಗೆ ಇಟ್ಟು ನೋಡಿ, ನಾನು ಇಷ್ಟು ಒತ್ತಿ ಹೇಳುವುದು ಏಕೆಂದು ಗೊತ್ತಾಗುತ್ತದೆ.

ಗರಸನ್ನು ಒಮ್ಮೆಲೇ ಸುರಿಯಬೇಡಿ. ಆರಾರು ಇಂಚು ಹರಡಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ದಮ್ಮಸು ಮಾಡಿ. ಬಾಡಿಗೆಯ ಯಂತ್ರ ಸಿಕ್ಕರೆ ಇನ್ನೂ ಒಳ್ಳೆಯದು. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಸೊಂಟದೆತ್ತರದಿಂದ ಬಿಟ್ಟರೆ ಒಡೆಯಬೇಕು. ತೇವ ಅಷ್ಟಿದ್ದರೆ ಸಾಕು. ದಮ್ಮಸಿನಲ್ಲಿ ಕುಗ್ಗುವುದನ್ನೂ ಸೇರಿಸಿದರೆ ಸುಮಾರು ಎಂಟು ಬ್ರಾಸ್ (ಒಂದು ಬ್ರಾಸ್ ಎಂದರೆ ನೂರು ಘನ ಅಡಿ) ಗರಸು ಬೇಕಾದೀತು.

ಬಯಲಿನಲ್ಲಿ ಗಾಳಿಯ ಹೊಡೆತ ಜೋರು. ಆರು ಕಂಬಗಳಿಗೂ ಒಂದೂವರೆ ಅಡಿ ಉದ್ದ, ಅಗಲ, ಆಳದ ಕಾಂಕ್ರೀಟ್ ಗಟ್ಟಿಗಳನ್ನು ಗರಸಿನೊಳಗೇ ಹಾಕಿ. ಒಂದೊಂದೂ ಸುಮಾರು 230 ಕಿಲೋ ತೂಗುತ್ತದೆ. ಗಟ್ಟಿಯ ತಳ ಎರೆಗೆ ತಾಗಕೂಡದು. ಕಂಬವನ್ನು ಹೂಳದೆ, ತಳದಲ್ಲಿ ಪ್ಲೇಟು ಬೆಸೆದು ಬೋಲ್ಟ್ ಹಾಕಿದರೆ ಮುಂದೆ ಒಂದು ಮೂಲೆ ಇಳಿದರೂ ಬೋಲ್ಟ್ ಸಡಿಲಿಸಿ, ಕೆಳಗೆ ತಗಡಿನ ಚೂರು ಕೊಟ್ಟು ರಸಮಟ್ಟಕ್ಕೆ ತರಬಹುದು. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿ, ಸಿಮೆಂಟು ಬೇಡ. ಅಲುಗಿದ ಕಲ್ಲನ್ನು ಎತ್ತಿ ಮತ್ತೆ ಕೂರಿಸಬಹುದು, ಬಿರಿದ ಕಾಂಕ್ರೀಟನ್ನು ಒಡೆಯುವುದೊಂದೇ ದಾರಿ.

ಕೊನೆಗೆ ಚಾವಣಿಯ ನೀರು. ಹತ್ತು ಮಿಲಿಮೀಟರ್ ಮಳೆ ಬಿದ್ದರೂ ನಿಮ್ಮ ಶೆಡ್ಡಿನಿಂದ ನೂರು ಲೀಟರ್ ಇಳಿಯುತ್ತದೆ. ಅದು ಪಾಯದ ಬುಡಕ್ಕೆ ಬಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಚಾವಣಿಯ ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿ ಪೈಪಿನಲ್ಲಿ ಹತ್ತು ಅಡಿ ಆಚೆ ಬಿಡಿ, ಸುತ್ತಲಿನ ಗರಸಿಗೆ ಅಡಿಗೆ ಅರ್ಧ ಇಂಚು ಇಳಿಜಾರು ಕೊಡಿ.

ಇಟ್ಟಿಗೆ ಗೋಡೆಯ ಆಸೆಯಿದ್ದರೆ ಈ ಉತ್ತರ ಸಾಲದು. ಆಳವಾದ ಎರೆಯಲ್ಲಿ ಅದಕ್ಕೆ 3.5 ಮೀಟರ್ ಆಳದ, ಬುಡ ಅಗಲಿಸಿದ ಪೈಲ್ (ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಬೇಕಾಗುತ್ತದೆ. ಎಂಜಿನಿಯರರನ್ನು ಸ್ಥಳಕ್ಕೇ ಕರೆಸಿ.

ಪ್ರಶ್ನೆ: ಶಿರಸಿಯ ಕಡೆ ನಮ್ಮದು ಜಂಬಿಟ್ಟಿಗೆ ನೆಲ, ಇಳಿಜಾರಿನ ತೋಟ. ಶೆಡ್ಡಿಗೆ ನಮಗೂ ಇಷ್ಟೆಲ್ಲ ಬೇಕೇ?

ಉತ್ತರ: ಬೇಡ. ಮೇಲಿನ ಸಡಿಲ ಮಣ್ಣು ಕೆರೆದು ಗಟ್ಟಿ ನೆಲ ಸಿಕ್ಕಲ್ಲಿ ಚಿಕ್ಕ ಪಾಯ ಸಾಕು. ಆದರೆ ಅರ್ಧ ಧರೆ (ಇಳಿಜಾರಿನ ಮಣ್ಣಿನ ಏರು) ಕಡಿದು, ಆ ಮಣ್ಣನ್ನೇ ಮುಂದೆ ಸುರಿದು ಸಮತಟ್ಟು ಮಾಡುವ ರೂಢಿ ಬಿಡಿ. ಸುರಿದ ಭಾಗ ಮಳೆಗೆ ಕುಸಿದು ಶೆಡ್ ಎರಡು ಹೋಳಾಗುತ್ತದೆ. ಎಲ್ಲ ಕಂಬಗಳೂ ಕಡಿದ ನೆಲದ ಮೇಲೇ ನಿಲ್ಲಲಿ. ಧರೆಗೂ ಶೆಡ್ಡಿಗೂ ನಡುವೆ ಮೂರು ಅಡಿ ಬಿಟ್ಟು ಅಲ್ಲೊಂದು ಅಗಳು (ಚರಂಡಿ) ತೋಡಿ, ಮಳೆಗಾಲ ಹಿಡಿಯುವ ಮೊದಲು ಅದರ ದರಕು (ಒಣಗಿದ ಎಲೆ) ತೆಗೆಯಿಸಿ.