ಲಸಿಕೆ ಹಾಕಿಸಿಕೊಂಡವರೇ ಐಸಿಯುನಲ್ಲಿ ಹೆಚ್ಚು, ಹಾಗಾದರೆ?

ಪ್ರಶ್ನೆ: ಕೋವಿಡ್ ಬಂದು ನಮ್ಮ ಕಾಕಾ ಅವರನ್ನು ವಿಜಯಪುರದಲ್ಲಿ ಆಸ್ಪತ್ರೆಗೆ ಸೇರಿಸಿದ್ದೆವು. ಎರಡೂ ಡೋಸ್ ಆಗಿದ್ದರೂ ಐಸಿಯುಗೆ ಹಾಕಬೇಕಾಯಿತು. ಅಲ್ಲಿದ್ದ ಹತ್ತು ಜನರಲ್ಲಿ ಆರು ಜನ ಲಸಿಕೆ ಹಾಕಿಸಿಕೊಂಡವರೇ. ಅಂದಮೇಲೆ ಲಸಿಕೆಯಿಂದ ಏನಾದಂತಾಯಿತು?
– ಓದುಗರು, ಬಸವನಬಾಗೇವಾಡಿ

ಉತ್ತರ: ಐಸಿಯು ಒಳಗಿನ ತಲೆ ಎಣಿಸಿದ್ದೀರಿ, ಮನೆಯಲ್ಲೇ ಗುಣವಾದವರು ಲೆಕ್ಕಕ್ಕೆ ಬಂದಿಲ್ಲ. ನಿಮ್ಮ ಆರು-ನಾಲ್ಕನ್ನೇ ಇಟ್ಟುಕೊಂಡು ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಅರವತ್ತು ದಾಟಿದ 1000 ಜನರಿಗೆ ಸೋಂಕು ತಗುಲಿದೆ. 900 ಜನ ಲಸಿಕೆ ಪಡೆದವರು, 100 ಜನ ಪಡೆಯದವರು. ಮೊದಲ ಗುಂಪಿನಿಂದ 36, ಎರಡನೆಯದರಿಂದ 12 ಜನ ಆಸ್ಪತ್ರೆ ಸೇರಿದರು. ಅವರಲ್ಲಿ ಕ್ರಮವಾಗಿ 6 ಮತ್ತು 4 ಜನ ಐಸಿಯುಗೆ ಹೋದರು. ಈಗ ಭಾಗಿಸಿ ನೋಡಿ: ಆಸ್ಪತ್ರೆ ಸೇರಿದವರಲ್ಲಿ ಐಸಿಯುಗೆ ಹೋದವರು, ಲಸಿಕೆ ಪಡೆದ ಗುಂಪಿನಲ್ಲಿ ಆರಕ್ಕೊಬ್ಬರು, ಪಡೆಯದ ಗುಂಪಿನಲ್ಲಿ ಮೂರಕ್ಕೊಬ್ಬರು. ಸೋಂಕಿತರೆಲ್ಲರ ಲೆಕ್ಕದಲ್ಲಿ 150ಕ್ಕೊಬ್ಬರು, 25ಕ್ಕೊಬ್ಬರು. ಪಡೆಯದವರಿಗೆ ಹೋಲಿಸಿದರೆ, ಆಸ್ಪತ್ರೆಯೊಳಗಿನ ಲೆಕ್ಕದಲ್ಲಿ ಅರ್ಧ ಕಾಣುವ ಲಸಿಕೆ ಪಡೆದವರ ಅಪಾಯ ಪೂರ್ತಿ ಲೆಕ್ಕದಲ್ಲಿ ಆರನೇ ಒಂದು ಪಾಲು.

ಇದು ನಾವು ಕಟ್ಟಿದ ಲೆಕ್ಕ. ನಿಜವಾದ ಅಧ್ಯಯನದಲ್ಲೂ ದಿಕ್ಕು ಇದೇ. 2021ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳ ಕೋವಿಡ್ ರೋಗಿಗಳನ್ನು ನೋಡಿದಾಗ, ವೆಂಟಿಲೇಟರ್‌ಗೆ ಹೋದವರು ಅಥವಾ ತೀರಿಕೊಂಡವರಲ್ಲಿ ಲಸಿಕೆ ಪಡೆದವರು ಶೇ 12, ಆ ಹಂತ ಮುಟ್ಟದವರಲ್ಲಿ ಶೇ 24.7. ಅಲ್ಲಿ ಕೊಟ್ಟಿದ್ದು ಎಂಆರ್‌ಎನ್‌ಎ ಎಂಬ ಬೇರೆ ಬಗೆಯ ಲಸಿಕೆಗಳು. ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗೆ ಅದೇ ಅಂಕಿ ಹಚ್ಚಬಾರದು.

ತಿಂಗಳುಗಳು ಕಳೆದಂತೆ ರಕ್ತದಲ್ಲಿ ವೈರಸ್ ತಡೆಯುವ ಪ್ರತಿಕಾಯ (ಆಂಟಿಬಾಡಿ) ಇಳಿಯುತ್ತದೆ, ಹಾಗಾಗಿ ಸೋಂಕು ತಗುಲುತ್ತದೆ. ಸೋಂಕು ತಗುಲಿದ ಕೋಶಗಳನ್ನು ಗುರುತಿಸಿ ಹೋರಾಡುವ ಟಿ ಕೋಶಗಳ ನೆನಪು ಹೆಚ್ಚು ಕಾಲ ಉಳಿಯುವುದರಿಂದ ಬಹುತೇಕರಲ್ಲಿ ಕಾಯಿಲೆ ಶ್ವಾಸಕೋಶಕ್ಕೆ ಜೋರಾಗಿ ಇಳಿಯುವುದಿಲ್ಲ. ಲಸಿಕೆಯಾಗಿಯೂ ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಶುಗರ್, ಕಿಡ್ನಿ ತೊಂದರೆ ಇರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಗುಳಿಗೆ ತೆಗೆದುಕೊಳ್ಳುವವರು. ಇಂಥವರನ್ನು ಲಸಿಕೆ ಪಡೆಯದ ನಲವತ್ತರ ಗಟ್ಟಿ ಆಳಿನ ಪಕ್ಕ ಇಟ್ಟು ಹೋಲಿಸಿದರೆ ಲಸಿಕೆಗೆ ಅನ್ಯಾಯವೇ. ವಯಸ್ಸಿಗೆ ವಯಸ್ಸು, ಕಾಯಿಲೆಗೆ ಕಾಯಿಲೆ ಸರಿಹೊಂದಿಸಿಯೇ ನೋಡಬೇಕು.

‘ಲಸಿಕೆ ಆಗಿದೆ’ ಎಂಬ ದಾಖಲೆಯನ್ನೂ ಬಿಡಿಸಿ ನೋಡಬೇಕು. ಎರಡನೇ ಡೋಸ್ ಆಗಿ 14 ದಿನ ಕಳೆದವರನ್ನು ಮಾತ್ರ ಪೂರ್ಣ ಲಸಿಕೆ ಪಡೆದವರೆಂದು ಎಣಿಸುವುದು ರೂಢಿಯಾಗಿತ್ತು. ಕಾಲು ಮುರಿದು ಬಂದು, ಪರೀಕ್ಷೆಯಲ್ಲಿ ಪಾಸಿಟಿವ್ ಎಂದು ಗೊತ್ತಾದವರನ್ನು ಬೇರೆ ಇಡಬೇಕು. ಇನ್ನು 2021ರ ಏಪ್ರಿಲ್-ಮೇನಲ್ಲಿ ಐಸಿಯು ಸೇರುವುದು ಬೆಡ್ ಸಿಕ್ಕರೆ ಎಂಬಂತಿತ್ತು. ಆ ಕಾಲದ ಅಂಕಿಗಳನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅವ್ವನಿಗೆ 70, ಶುಗರ್ ಇದೆ, ಮೂರು ಡೋಸ್ ಆಗಿವೆ. ಪಾಸಿಟಿವ್ ಬಂದರೆ ಯಾವಾಗ ಆಸ್ಪತ್ರೆಗೆ ಒಯ್ಯಬೇಕು?
– ಓದುಗರು, ಮುಧೋಳ

ಉತ್ತರ: ಪಾಸಿಟಿವ್ ಬಂದ ದಿನವೇ ವೈದ್ಯರಿಗೆ ತಿಳಿಸಿ. ಮೂರು ಡೋಸ್ ಆಗಿವೆ ಎಂದು ಆಕ್ಸಿಮೀಟರ್ (ಬೆರಳಿಗೆ ಹಚ್ಚಿ ರಕ್ತದ ಆಮ್ಲಜನಕದ ಶೇಕಡಾವಾರು ನೋಡುವ ಸಾಧನ) ಪಕ್ಕಕ್ಕಿಡಬೇಡಿ. ಐದು ನಿಮಿಷ ಕೂರಿಸಿ, ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗಾಗಿಸಿ, ಮದರಂಗಿ ಅಥವಾ ಬಣ್ಣ ಇಲ್ಲದ ಬೆರಳಿಗೆ ಹಚ್ಚಿ, ಅಂಕಿ ನಿಲ್ಲುವವರೆಗೆ ಕಾಯಿರಿ. 93 ಅಥವಾ ಕಡಿಮೆ ಬಂದರೆ, ಇಲ್ಲವೇ ಉಸಿರು ನಿಮಿಷಕ್ಕೆ 24 ಮುಟ್ಟಿದರೆ ಆಸ್ಪತ್ರೆಗೆ ಹೊರಡಿ. 90ಕ್ಕಿಂತ ಕಡಿಮೆ, ಅಥವಾ ಉಸಿರು 30 ದಾಟಿದರೆ ಅದು ತೀವ್ರ ಹಂತ, ಐಸಿಯು ಇರುವಲ್ಲಿಗೇ ಒಯ್ಯಿರಿ. ಅಂಕಿ ಚೆನ್ನಾಗಿದ್ದರೂ ಎದೆ ಒತ್ತಿದಂತಾಗುವುದು, ಮಾತು ತೊದಲುವುದು, ಮಂಪರು ಕಂಡರೆ ಕಾಯಬೇಡಿ.

ಔಷಧಿ ಅಂಗಡಿಯವರು ಕೊಟ್ಟ ಸ್ಟಿರಾಯ್ಡ್ ಗುಳಿಗೆಯನ್ನು ಮನೆಯಲ್ಲೇ ಶುರು ಮಾಡಬೇಡಿ. ಆಕ್ಸಿಜನ್ ಬೇಕಾದವರಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ದಿನಕ್ಕೆ 6 ಮಿ.ಗ್ರಾಂ., ಹೆಚ್ಚೆಂದರೆ 10 ದಿನ ಕೊಡುತ್ತಾರೆ. ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭವಿಲ್ಲ, ಶುಗರ್ ಮಾತ್ರ ಏರುತ್ತದೆ. ಹೊರಡುವಾಗ ಮೂರೂ ಡೋಸ್‌ಗಳ ದಿನಾಂಕ, ಜ್ವರ ಶುರುವಾದ ದಿನ, ಈಗ ನುಂಗುತ್ತಿರುವ ಗುಳಿಗೆಗಳ ಸ್ಟ್ರಿಪ್ ಜೊತೆಗಿರಲಿ.