ಜಪಾನಿ ಪರೀಕ್ಷೆಯಲ್ಲಿ ಫೇಲ್ ಆದೆ, ಅಪ್ಪನಿಗೆ ಹೇಗೆ ಹೇಳಲಿ?

ಪ್ರಶ್ನೆ: ಅಕ್ಕಾ, ನಾನು ಹಾಸನದ ಕಡೆಯವಳು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ. ಜೊತೆಗೆ ಎರಡು ವರ್ಷದಿಂದ ಜಪಾನಿ ಕಲಿಯುತ್ತಿದ್ದೇನೆ. ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಯ ಮೊದಲೆರಡು ಹಂತ ಎನ್5, ಎನ್4 ಮೊದಲ ಸಲಕ್ಕೇ ಪಾಸಾದವು. ಡಿಸೆಂಬರ್‌ನಲ್ಲಿ ಮುಂದಿನ ಹಂತ ಎನ್3 ಬರೆದೆ. 180ಕ್ಕೆ 101 ಬಂತು. ಪಾಸಾಗಲು 95 ಸಾಕು, ಆದರೂ ಫೇಲ್! ಕೇಳಿಸಿಕೊಳ್ಳುವ ಭಾಗದಲ್ಲಿ ಕನಿಷ್ಠ 19 ಬೇಕಿತ್ತು, ನನಗೆ 17. ಆಡಿಯೊ ಕೇಳಿ ಇಂಗ್ಲಿಷಿಗೆ ತಿರುಗಿಸಿಕೊಳ್ಳುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ. ರೂಮ್‌ಮೇಟ್ ಪಾಸಾದಳು. ಫೀಸು ಕಟ್ಟಿದ ಅಪ್ಪ ‘ಮಗಳು ಜಪಾನಿಗೆ ಹೋಗ್ತಾಳೆ’ ಅಂತ ಊರಿಗೆಲ್ಲ ಹೇಳಿಕೊಂಡಿದ್ದಾರೆ. ಅವರಿಗಿನ್ನೂ ವಿಷಯ ಗೊತ್ತಿಲ್ಲ. ಬಿಟ್ಟುಬಿಡಲಾ?

ಅಕ್ಕಾ ಅಂದಿದ್ದೀಯ, ನಾನೂ ನೀನು ಅಂತಲೇ ಬರೆಯುತ್ತೇನೆ.

ಬಿಡಬೇಡ. ಹಾಗಂತ ಹಟಕ್ಕೆ ಬಿದ್ದು ಜುಲೈ ಪರೀಕ್ಷೆಗೂ ಕೂರಬೇಡ. ನಿನ್ನ ಸೆಮಿಸ್ಟರ್ ಪರೀಕ್ಷೆಯೂ ಆ ಹೊತ್ತಿಗೇ ಬಂದರೆ ಎರಡೂ ಕೆಡುತ್ತವೆ. ಡಿಸೆಂಬರ್‌ಗೆ ಬರಿ.

ನಿನ್ನ ಕಾಗದದಲ್ಲಿ ನನಗೆ ಚುಚ್ಚಿದ್ದು ಆ 17 ಅಲ್ಲ, ‘ಇಂಗ್ಲಿಷಿಗೆ ತಿರುಗಿಸಿಕೊಳ್ಳುವಷ್ಟರಲ್ಲಿ’ ಅನ್ನುವ ಮಾತು. ಮನೆಯಲ್ಲೇ ಕನ್ನಡ ಇರುವಾಗ ಆ ಸುತ್ತುದಾರಿ ಯಾಕೆ? ಕ್ಲಾಸಿನಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಸರಿ. ಆದರೆ ಕ್ರಿಯಾಪದ ಕೊನೆಗೆ ಬರುತ್ತದೆ ಅಂತ ಇಂಗ್ಲಿಷಿನಲ್ಲಿ ಉದ್ದುದ್ದ ವಿವರಿಸುತ್ತಾರಲ್ಲ, ಅದು ನಮಗೆ ಹುಟ್ಟಿದಾಗಿನಿಂದ ಗೊತ್ತು. ‘ತಬೆತೆ ಮಿರು’ ನೋಡು. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ತಿಂದು ನೋಡು! ನಾವು ಪಾಯಸದ ಬಟ್ಟಲು ಮುಂದಿಟ್ಟು ಹೇಳುವ ಅದೇ ಮಾತು. ‘ಶಿತೆ ಒಕು’ ಅಂದರೆ ಮಾಡಿ ಇಡು. ‘ಶಿತೆ ಶಿಮತ್ತ’ ಅಂದರೆ ಮಾಡಿಬಿಟ್ಟೆ, ನಮ್ಮ ‘ಬಿಟ್ಟೆ’ಯಲ್ಲಿರುವ ಅಯ್ಯೋ ಸಹಿತ. ‘ತಬೆತೆ ಇರು’ ಅಂದರೆ ತಿನ್ನುತ್ತಾ ಇರುವುದು. ಅಲ್ಲಿಯ ಇರುವೂ ಇಲ್ಲಿಯ ಇರುವೂ ಒಂದೇ ಥರ ಕೇಳಿಸುವುದು ಕಾಕತಾಳೀಯವೇ ಇರಲಿ, ನೆನಪಿಡೋಕೆ ಸುಲಭ ಅಲ್ವಾ?

ಪುಸ್ತಕದಲ್ಲಿ ಓದಿದ್ದು ಆಡಿಯೊದಲ್ಲಿ ಯಾಕೆ ಗೊತ್ತಾಗಲ್ಲ ಅನ್ನುವುದಕ್ಕೂ ಕಾರಣ ಇಲ್ಲೇ ಇದೆ. ನಾವು ‘ಮಾಡಿಬಿಟ್ಟೆ’ ಅಂತ ಬರೆದು ‘ಮಾಡ್ಬಿಟ್ಟೆ’ ಅನ್ನುತ್ತೇವೆ. ಅವರೂ ಹಾಗೇ. ಶಿತೆ ಶಿಮತ್ತ ಬಾಯಲ್ಲಿ ‘ಶಿಚತ್ತ’ ಆಗುತ್ತದೆ, ತಬೆತೆ ಇರು ‘ತಬೆತೆರು’ ಆಗುತ್ತದೆ. ಎನ್3ಯಲ್ಲಿ ಈ ನುಂಗಿದ ಮಾತು ಜಾಸ್ತಿ, ಆಡಿಯೊ ಹಾಕುವುದೋ ಒಂದೇ ಸಲ. ನೀನು ಪೂರ್ತಿ ರೂಪಕ್ಕೆ ಕಾಯುತ್ತಾ ಕೂತಿರುತ್ತೀಯ, ಅದು ಬರುವುದೇ ಇಲ್ಲ. ಜಪಾನಿನ ಎನ್‌ಎಚ್‌ಕೆ ವಾಹಿನಿ ನಿಧಾನಕ್ಕೆ ಓದುವ ಸುಲಭ ಸುದ್ದಿ ಕೇಳಿದರೂ ಇದು ಅಭ್ಯಾಸವಾಗಲ್ಲ. ಮನೆಮಾತು, ಜಗಳ, ಹರಟೆ ಇರುವ ಧಾರಾವಾಹಿ ಹಾಕಿಕೋ. ದಿನಕ್ಕೆ ಎರಡೇ ನಿಮಿಷದ ತುಣುಕು, ಅದನ್ನೇ ಹತ್ತು ಸಲ. ಕೇಳಿಸಿದ್ದನ್ನು ಹಾಗೆಹಾಗೇ ಬರಿ, ಆಮೇಲೆ ಅವರ ಜೊತೆಜೊತೆಗೇ ಬಾಯಿಬಿಟ್ಟು ಹೇಳು. ರೂಮ್‌ಮೇಟ್ ನಕ್ಕರೆ ನಗಲಿ. (ಅನಿಮೆ ಕಾರ್ಟೂನಿನ ಹುಡುಗರು ನಾನು, ನೀನು ಅನ್ನಲು ಒರಟಾಗಿ ‘ಒರೆ’, ‘ಒಮಾಯೆ’ ಅನ್ನುವುದನ್ನು ಮಾತ್ರ ಇಂಟರ್‌ವ್ಯೂನಲ್ಲಿ ಹೇಳಬೇಡ ಮಾರಾಯ್ತಿ.)

ಒತ್ತಕ್ಷರದ ಮೇಲೂ ಕಿವಿ ಇರಲಿ. ನಾನು ಕಲಿಯುವ ಹೊತ್ತಿನಲ್ಲಿ ಮನೆಗೆ ಬಂದ ಜಪಾನಿ ಅಜ್ಜರೊಬ್ಬರಿಗೆ ‘ಕಿತೆ ಕುದಸಾಯ್’, ಅಂದರೆ ಬನ್ನಿ, ಅನ್ನಲು ಹೋಗಿ ಭಯಕ್ಕೆ ‘ಕಿತ್ತೆ ಕುದಸಾಯ್’ ಅಂದುಬಿಟ್ಟೆ. ಕತ್ತರಿಸಿ ಅಂತ ಅರ್ಥ. ಪಾಪ, ಬಾಗಿಲಲ್ಲೇ ನಿಂತು ಏನನ್ನು ಕತ್ತರಿಸಲಿ ಅಂತ ಸುತ್ತ ನೋಡಿದರು. ಕನ್ನಡದವಳಾಗಿ ಒತ್ತಿನಲ್ಲಿ ತಪ್ಪಿದೆನಲ್ಲ ಅಂತ ಇವತ್ತಿಗೂ ನಾಚಿಕೆ.

ಕಾಂಜಿಗೆ, ಅಂದರೆ ಚೀನಾದಿಂದ ಬಂದ ಆ ಅಕ್ಷರಗಳಿಗೆ ಮಾತ್ರ ಕನ್ನಡ ಏನೂ ಸಹಾಯ ಮಾಡಲ್ಲ. ದಿನಬಳಕೆಯ ಪಟ್ಟಿಯಲ್ಲೇ 2,136 ಇವೆ, ಬರೆದು ಬರೆದೇ ಕಲಿಯಬೇಕು. ನಿನಗೆ ಅದರ ಚಿಂತೆ ಅಷ್ಟಿಲ್ಲ. ಉಳಿದ ಎರಡು ಭಾಗದಲ್ಲಿ ಸೇರಿ 84 ತೆಗೆದಿದ್ದೀಯ.

ಇನ್ನು ಅಪ್ಪ. ಅವರು ಊರಲ್ಲಿ ಹೇಳಿಕೊಂಡಿದ್ದು ಖುಷಿಗೆ, ನಿನ್ನಿಂದ ಬರೆಸಿಕೊಂಡ ಕರಾರು ಪತ್ರ ಅಲ್ಲ ಅದು. ನಿಜವಾಗಿ ಕಷ್ಟ ಆಗುವುದು ಬೇರೆ ಯಾರಿಂದಲೋ ಅವರಿಗೆ ತಿಳಿದಾಗ. ರೂಮ್‌ಮೇಟ್‌ನ ಅಮ್ಮ ಸ್ವೀಟ್ ಹಂಚುವ ಮೊದಲು ನೀನೇ ಫೋನ್ ಮಾಡು. ಈ ಭಾನುವಾರವೇ ಮಾಡು. 101 ಬಂದಿದ್ದನ್ನು ಮೊದಲು ಹೇಳು, ಆಮೇಲೆ 17. ಡಿಸೆಂಬರ್‌ನ ಪರೀಕ್ಷಾ ಶುಲ್ಕ ಯಾರು ಕಟ್ಟುವುದು ಅನ್ನುವುದನ್ನೂ ಅದೇ ಫೋನಿನಲ್ಲಿ ಮಾತಾಡಿ ಮುಗಿಸು.