ಚೀಟಿ ಕೈಬಿಡಬೇಡಿ, ಕಾರಿನ ಡಿಕ್ಕಿ ನೋಡದೆ ಹತ್ತಬೇಡಿ

ರಜೆ ಹತ್ತಿರ ಬಂತೆಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಒಂದೇ: ವಿಮಾನ ಇಳಿದ ಮೇಲೆ ಹೋಟೆಲ್‌ಗೆ ಹೋಗೋದು ಹೇಗೆ? ವಿಮಾನದ ಟಿಕೆಟ್‌ನಲ್ಲಿ ಇನ್ನೂರು ರೂಪಾಯಿ ಉಳಿಸಲು ವಾರಗಟ್ಟಲೆ ದರ ನೋಡುವವರು ಕೊನೆಯ ಹದಿನೆಂಟು ಕಿಲೋಮೀಟರಿಗೆ ‘ಅಲ್ಲಿಗೆ ಹೋದ ಮೇಲೆ ನೋಡ್ಕೊಂಡ್ರಾಯ್ತು’ ಅಂತಾರೆ. ದುಡ್ಡು ಹೋಗೋದು ಅಲ್ಲೇ. ಟ್ಯಾಕ್ಸಿ ಆ್ಯಪ್ ಬಳಸೋದು ಹೇಗೆ ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ಮನೆಯಲ್ಲಿರುವ ಮಕ್ಕಳನ್ನು ಕೇಳಿ.

ಪ್ರಶ್ನೆ: ನಾವು ಐದು ಜನ, ಅಪ್ಪ-ಅಮ್ಮನಿಗೆ ಎಪ್ಪತ್ತು ದಾಟಿದೆ. ರಾತ್ರಿ 10.30ಕ್ಕೆ ದೆಹಲಿಯಲ್ಲಿ ಇಳಿಯುತ್ತೇವೆ. ಹೋಟೆಲ್ ಪಹಾಡ್‌ಗಂಜ್‌ನಲ್ಲಿ. ಮೆಟ್ರೊ ಅಗ್ಗ ಅಂತ ಭಾವ ಹೇಳ್ತಾರೆ. ಹೋಟೆಲ್‌ನವರು ಕಾರು ಕಳಿಸ್ತೀವಿ ಅಂತಾರೆ. ಹೊರಗೆ ಬಂದರೆ ಟ್ಯಾಕ್ಸಿಯವರೇ ಬಂದು ಕರೀತಾರೆ ಅಂತ ಟೂರ್ ಏಜೆಂಟ್ ಹೇಳಿದ್ದಾರೆ. ಯಾವುದು ಸರಿ? (ತಿಪಟೂರು)

ಬಂದು ಕರೆಯುವವರು ಖಂಡಿತ ಬರ್ತಾರೆ. ಅವರ ಜೊತೆ ಹೋಗಬಾರದು ಅನ್ನೋದೇ ಮೊದಲ ಉತ್ತರ. ಇಷ್ಟನ್ನೂ ಹೇಳದ ಏಜೆಂಟ್‌ಗೆ ಕಮಿಷನ್ ಯಾಕೆ ಕೊಟ್ಟಿರೋ ಗೊತ್ತಾಗಲಿಲ್ಲ.

ಟಿಕೆಟ್ ತೆಗೆದು ಯಾವ ಟರ್ಮಿನಲ್ ಎಂದು ನೋಡಿ. ನೀವದನ್ನು ಬರೆದೇ ಇಲ್ಲ. ಉತ್ತರದ ಅರ್ಧ ಅದರಲ್ಲಿದೆ. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ಇರುವುದು ಟಿ3 ಬಳಿ. ಟಿ1ಕ್ಕೆ ಇಳಿದರೆ ಅಲ್ಲಿರುವುದು ಮೆಜೆಂಟಾ ಲೈನ್, ನ್ಯೂ ಡೆಲ್ಲಿ ಸ್ಟೇಷನ್‌ಗೆ ಹೋಗಲು ಹೌಜ್ ಖಾಸ್‌ನಲ್ಲಿ ಹಳದಿ ಲೈನ್‌ಗೆ ಬದಲಾಯಿಸಬೇಕು. ಎರಡು ಟರ್ಮಿನಲ್‌ಗಳ ನಡುವೆ ಕಿಲೋಮೀಟರುಗಟ್ಟಲೆ ದೂರವಿದೆ, ನಡೆದು ಹೋಗುವ ಮಾತಿಲ್ಲ.

ಟಿ3 ಎಂದೇ ಇಟ್ಟುಕೊಳ್ಳೋಣ. ನಿಮ್ಮ ಭಾವ ಹೇಳಿದ ಮೆಟ್ರೊ ಒಳ್ಳೆಯದೇ: ನ್ಯೂ ಡೆಲ್ಲಿ ಸ್ಟೇಷನ್‌ಗೆ ಸುಮಾರು 20 ನಿಮಿಷ, ಒಬ್ಬರಿಗೆ ನೂರು ರೂಪಾಯಿಯ ಒಳಗೆ. ಬ್ಯಾಗು ಹೆಗಲಿಗೇರಿಸಿದ ಒಬ್ಬ ಹುಡುಗನಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಿಮಗೆ ಬೇಡ. 10.30 ಅನ್ನೋದು ವಿಮಾನ ನೆಲ ಮುಟ್ಟುವ ಹೊತ್ತು. ಗೇಟಿಗೆ ಬಂದು, ಟಿ3ರ ಉದ್ದಕ್ಕೂ ನಡೆದು, ಲಗೇಜ್ ಬೆಲ್ಟ್ ಮುಂದೆ ಕಾದು ಹೊರಬರುವಾಗ 11.15 ಆಗಿರುತ್ತದೆ. ವಿಮಾನ ಅರ್ಧ ಗಂಟೆ ತಡವಾದರೆ ಕೊನೆಯ ರೈಲು ಕೈತಪ್ಪುತ್ತದೆ. ರೈಲು ಸಿಕ್ಕರೂ ಇಳಿಯುವುದು ಅಜ್ಮೇರಿ ಗೇಟ್ ಕಡೆ. ಪಹಾಡ್‌ಗಂಜ್ ಇರುವುದು ಹಳಿಗಳ ಆಚೆ ಬದಿಯಲ್ಲಿ. ಮಧ್ಯರಾತ್ರಿ, ಸೂಟ್‌ಕೇಸ್ ಹಿಡಿದು, ಎಪ್ಪತ್ತು ದಾಟಿದವರನ್ನು ರೈಲ್ವೆ ಮೇಲ್ಸೇತುವೆ ಹತ್ತಿಸುತ್ತೀರಾ? ಅಲ್ಲಿ ‘ಈ ಕಡೆ ದಾರಿ ಬಂದ್, ನನ್ನ ಜೊತೆ ಬನ್ನಿ’ ಅನ್ನುವವರೂ ನಿಂತಿರುತ್ತಾರೆ. ಐದು ಟಿಕೆಟ್, ಆಮೇಲೆ ಎರಡು ಆಟೊ ಎಂದು ಲೆಕ್ಕ ಹಾಕಿದರೆ ಉಳಿಯುವುದೂ ಅಷ್ಟರಲ್ಲೇ ಇದೆ.

ಹಾಗಾದರೆ ಕಾರು. ಇಲ್ಲಿ ಯಾರೂ ಯೋಚಿಸದ ಒಂದು ವಿಷಯ ಡಿಕ್ಕಿ. ದೆಹಲಿಯ ಟ್ಯಾಕ್ಸಿಗಳು ಬಹುತೇಕ ಸಿಎನ್‌ಜಿ, ಸಿಲಿಂಡರ್ ಕೂರುವುದು ಡಿಕ್ಕಿಯಲ್ಲಿ. ಸೆಡಾನ್ ಬುಕ್ ಮಾಡಿದರೆ ಡ್ರೈವರ್ ಬಿಟ್ಟು ನಾಲ್ಕೇ ಜನ, ಡಿಕ್ಕಿಯಲ್ಲಿ ಒಂದು ದೊಡ್ಡ ಸೂಟ್‌ಕೇಸ್ ಹಿಡಿದರೆ ಹೆಚ್ಚು. ಉಳಿದದ್ದು ಮಡಿಲಿಗೆ, ಇಲ್ಲವೇ ಮೇಲಿನ ಕ್ಯಾರಿಯರ್‌ಗೆ. ಕ್ಯಾರಿಯರ್‌ಗೆ ಹಾಕಿದರೆ ಹಗ್ಗ ಕಟ್ಟಿಸಿ, ಕಟ್ಟಿದ್ದನ್ನು ಕೈಯಲ್ಲಿ ಎಳೆದು ನೋಡಿ. ಏಳು ಸೀಟಿನ ಕಾರು ಎಂದು ಖುಷಿಪಡುವವರಿಗೂ ಒಂದು ಮಾತು: ಹಿಂದಿನ ಸಾಲಿನಲ್ಲಿ ಜನ ಕೂತರೆ ಲಗೇಜಿಗೆ ಒಂದು ಗೇಣು ಜಾಗವೂ ಉಳಿಯಲ್ಲ. ಐದು ಜನಕ್ಕೆ ಏಳು ಸೀಟಿನ ಕಾರು ತಗೊಂಡು, ಮುಂದೆ ಒಬ್ಬರು, ನಡುವೆ ಮೂವರು, ಹಿಂದಿನ ಸಾಲಿನ ಅರ್ಧ ಮಡಚಿ ಒಬ್ಬರು. ಮಡಚಿದ ಅರ್ಧದಲ್ಲಿ ಮೂರು ಸೂಟ್‌ಕೇಸ್. ಇದಕ್ಕಿಂತ ಹೆಚ್ಚು ಸಾಮಾನಿದ್ದರೆ ಎರಡು ಕಾರು, ಒಂದೊಂದರಲ್ಲೂ ಹಿಂದಿ ಬರುವವರು ಒಬ್ಬರು.

ಕಾರು ಎಲ್ಲಿಂದ? ದೆಹಲಿ ಪೊಲೀಸರ ಪ್ರಿಪೇಯ್ಡ್ ಕೌಂಟರ್, ಇಲ್ಲವೇ ಆ್ಯಪ್. ಪ್ರಿಪೇಯ್ಡ್‌ನಲ್ಲಿ ಸೇರುವ ಜಾಗ, ಲಗೇಜಿನ ಸಂಖ್ಯೆ ಹೇಳಿ, ದುಡ್ಡು ಕಟ್ಟಿ, ಚೀಟಿ ತಗೊಳ್ಳಿ. ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಶೇ 25 ಹೆಚ್ಚು. ಅದು ಮೋಸವಲ್ಲ, ನಿಯಮ. ಚೀಟಿಯಲ್ಲಿರುವ ಗಾಡಿ ನಂಬರ್ ಮತ್ತು ಎದುರಿಗಿರುವ ಗಾಡಿಯ ನಂಬರ್ ಒಂದೇ ಇರಬೇಕು. ಆ ಚೀಟಿಯಲ್ಲಿ ಡ್ರೈವರ್ ಪ್ರತಿ ಬೇರೆ ಇರುತ್ತದೆ. ಅದನ್ನು ತೋರಿಸಿ ಆಮೇಲೆ ತನ್ನ ದುಡ್ಡು ಪಡೆಯುವವನು ಅವನು. ಹಾಗಾಗಿ ಅದನ್ನು ಹೋಟೆಲ್ ಬಾಗಿಲಲ್ಲಿ, ಕೊನೆಯ ಬ್ಯಾಗ್ ಇಳಿದ ಮೇಲೆ ಕೊಡಿ. ಕಾರು ಹೊರಟ ಕೂಡಲೇ ‘ಚೀಟಿ ಕೊಡಿ ಸಾರ್’ ಅಂತಾನೆ. ಕೊಟ್ಟರೆ ನಿಮ್ಮ ಹಿಡಿತ ಹೋಯಿತು, ಅವನಿಗಿಷ್ಟ ಬಂದಲ್ಲಿ ಇಳಿಸಬಹುದು.

‘ಪಹಾಡ್‌ಗಂಜ್’ ಎಂದಷ್ಟೇ ಹೇಳಿ ಕೂರಬೇಡಿ. ಮೇನ್ ಬಜಾರ್ ಇಕ್ಕಟ್ಟಿನ ಬೀದಿ, ಒಳಗಿನ ಗಲ್ಲಿಗಳಿಗೆ ಕಾರು ಹೋಗಲ್ಲ. ಸ್ಟೇಷನ್ ಕಡೆಯ ತುದಿಯೋ, ರಾಮಕೃಷ್ಣ ಆಶ್ರಮ ಮಾರ್ಗ ಮೆಟ್ರೊ ಕಡೆಯ ತುದಿಯೋ ಎಂದು ಹೋಟೆಲ್‌ನವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅರಾಕಶಾನ್ ರಸ್ತೆಯ ಹೋಟೆಲ್‌ಗಳೂ ‘ಪಹಾಡ್‌ಗಂಜ್’ ಎಂದೇ ವಿಳಾಸ ಹಾಕುತ್ತವೆ, ಆದರೆ ಅದು ಬೇರೆ ಬೀದಿ.

ಇನ್ನು ಹಳೇ ಆಟ. ದಾರಿಯಲ್ಲಿ ಡ್ರೈವರ್ ಹೇಳುತ್ತಾನೆ: ನಿಮ್ಮ ಹೋಟೆಲ್ ಮುಚ್ಚಿದೆ, ಇಲ್ಲವೇ ಗಲಾಟೆಯಾಗಿ ಆ ರಸ್ತೆ ಬಂದ್. ನಂಬದಿದ್ದರೆ ತನ್ನ ಫೋನಿನಿಂದ ‘ಹೋಟೆಲ್‌ಗೆ’ ಕರೆ ಮಾಡಿ ಕೊಡುತ್ತಾನೆ. ಆ ಕಡೆಯವನು ‘ಹೌದು, ರೂಮ್ ಇಲ್ಲ’ ಅಂತಾನೆ. ಅವನು ಹೋಟೆಲ್‌ನವನಲ್ಲ, ಇವನ ಜೊತೆಗಾರ. ಅಲ್ಲಿಂದ ‘ಸರ್ಕಾರಿ ಟೂರಿಸ್ಟ್ ಆಫೀಸ್’ ಬೋರ್ಡ್ ಹಾಕಿದ ಅಂಗಡಿಗೆ ಕರೆದೊಯ್ದು ದುಬಾರಿ ರೂಮ್, ಜೊತೆಗೆ ಆಗ್ರಾ-ಜೈಪುರ ಪ್ಯಾಕೇಜ್ ಕಟ್ಟುತ್ತಾರೆ. ಕೇಂದ್ರ ಸರ್ಕಾರದ ಪ್ರವಾಸಿ ಕಚೇರಿ ಇರುವುದು 88, ಜನಪಥ್‌ನಲ್ಲಿ; ಮಧ್ಯರಾತ್ರಿ ಅದು ಬಾಗಿಲು ತೆರೆದು ನಿಮಗಾಗಿ ಕಾಯಲ್ಲ. ಹೋಟೆಲ್ ನಂಬರನ್ನು ಊರಲ್ಲೇ ಕಾಗದದ ಮೇಲೆ ಬರೆದುಕೊಳ್ಳಿ, ಬೆಲ್ಟ್ ಹತ್ತಿರ ಕಾಯುವಾಗ ನೀವೇ ಕರೆ ಮಾಡಿ ‘ಹನ್ನೆರಡೂವರೆಯೊಳಗೆ ಬರ್ತೀವಿ’ ಎಂದು ಹೇಳಿ. ಆಮೇಲೆ ಯಾರು ಏನು ಹೇಳಿದರೂ ಉತ್ತರ ಒಂದೇ: ‘ಮುಚ್ಚಿದ್ದರೂ ಪರವಾಗಿಲ್ಲ, ಅಲ್ಲೇ ಇಳಿಸು.’

ಹೋಟೆಲ್ ಕಾರು? ನಿಮ್ಮ ಮನೆಯ ಪರಿಸ್ಥಿತಿಗೆ ನಾನು ಅದನ್ನೇ ಆರಿಸುತ್ತೇನೆ, ಪ್ರಿಪೇಯ್ಡ್‌ಗಿಂತ ಮುನ್ನೂರು-ನಾನೂರು ಹೆಚ್ಚಾದರೂ ಸರಿ. ಆದರೆ ಇವೆಲ್ಲ ಬರಹದಲ್ಲಿರಲಿ: ಏಳು ಸೀಟಿನ ಗಾಡಿ, ಪಾರ್ಕಿಂಗ್ ಮತ್ತು ಕಾಯುವ ಹೊತ್ತು ಸೇರಿದ ದರ, ನಿಮ್ಮ ವಿಮಾನದ ನಂಬರ್, ಡ್ರೈವರ್ ನಿಲ್ಲುವ ಗೇಟ್. ದುಡ್ಡು ಹೋಟೆಲ್ ತಲುಪಿದ ಮೇಲೆ. ಮುಂಗಡ ಕೇಳಿದರೆ ಪ್ರಿಪೇಯ್ಡ್‌ಗೆ ಹೋಗಿ. ಶೌಚಾಲಯ, ಎಟಿಎಂ, ಕರೆ ಎಲ್ಲ ಒಳಗೇ ಮುಗಿಸಿ. ಒಮ್ಮೆ ಗಾಜಿನ ಬಾಗಿಲು ದಾಟಿದರೆ ವಾಪಸ್ ಒಳಗೆ ಬಿಡಲ್ಲ.

ಪ್ರಶ್ನೆ: ಬ್ಯಾಂಕಾಕ್ ಪ್ಯಾಕೇಜ್‌ನಲ್ಲಿ ‘ಏರ್‌ಪೋರ್ಟ್ ಟ್ರಾನ್ಸ್‌ಫರ್ ಎಸ್‌ಐಸಿ’ ಅಂತ ಇದೆ. ಕಾರು ಬರುತ್ತಲ್ವಾ? (ಚಿಂತಾಮಣಿ)

ಬರಲ್ಲ. ಎಸ್‌ಐಸಿ ಅಂದರೆ ಹಂಚಿಕೊಂಡ ಬಸ್ಸಿನಲ್ಲಿ ಒಂದು ಸೀಟು. ಉಳಿದ ವಿಮಾನಗಳವರು ಬರುವವರೆಗೆ ಕಾದು, ದಾರಿಯ ಹೋಟೆಲ್‌ಗಳಲ್ಲೆಲ್ಲ ನಿಂತು, ಕೊನೆಗೆ ನಿಮ್ಮದು. ಇಬ್ಬರಿದ್ದರೆ ಬೇಡ ಎಂದು ಹೇಳಿ ಆ ದುಡ್ಡು ಕಡಿಮೆ ಮಾಡಿಸಿ. ಸುವರ್ಣಭೂಮಿ ನಿಲ್ದಾಣದ ನೆಲಮಹಡಿಯಲ್ಲಿ ಯಂತ್ರದಿಂದ ಚೀಟಿ ತಗೊಂಡು ಮೀಟರ್ ಟ್ಯಾಕ್ಸಿ ಹತ್ತಿ. ಮೀಟರ್ ಮೇಲೆ 50 ಬಾತ್ ನಿಲ್ದಾಣದ ಶುಲ್ಕ, ಟೋಲ್ ನಿಮ್ಮದು. ಮೀಟರ್ ಹಾಕದಿದ್ದರೆ ಇಳಿಯಿರಿ.

ಪ್ರಶ್ನೆ: ಬೆಂಗಳೂರು ಏರ್‌ಪೋರ್ಟ್‌ನಿಂದ ತುಮಕೂರಿಗೆ ಹೆಬ್ಬಾಳದ ಮೇಲೇ ಹೋಗಬೇಕಾ? (ತುಮಕೂರು)

ಯಾಕೆ ಹೋಗಬೇಕು? ದೇವನಹಳ್ಳಿ, ದೊಡ್ಡಬಳ್ಳಾಪುರ, ಡಾಬಸ್‌ಪೇಟೆ. ಟೋಲ್ ಇದೆ, ಗೊರಗುಂಟೆಪಾಳ್ಯದ ಟ್ರಾಫಿಕ್ ಇಲ್ಲ. ದರ ಮಾತಾಡುವಾಗಲೇ ಈ ದಾರಿ ಎಂದು ಹೇಳಿ, ವಾಪಸ್ ಖಾಲಿ ಬರುವ ಬಾಡಿಗೆಯೂ ಸೇರಿದೆಯಾ ಎಂದು ಕೇಳಿ.

ಪ್ರಶ್ನೆ: ಬೆಂಗಳೂರು ಏರ್‌ಪೋರ್ಟ್‌ನಿಂದ ಚಿಕ್ಕಬಳ್ಳಾಪುರಕ್ಕೆ ಮೆಜೆಸ್ಟಿಕ್‌ಗೆ ಹೋಗಿ ಬಸ್ ಹತ್ತಬೇಕಂತೆ, ನಿಜವಾ?

ಸುಳ್ಳು. ದೇವನಹಳ್ಳಿಗೆ ಹೋಗಿ ಹತ್ತಿ.

ಪ್ರಶ್ನೆ: ಕೆಐಎ (ಬೆಂಗಳೂರು ಏರ್‌ಪೋರ್ಟ್) ಹಾಲ್ಟ್ ಸ್ಟೇಷನ್‌ನಿಂದ ಕೋಲಾರಕ್ಕೆ ರೈಲು ನಂಬಬಹುದಾ? (ಕೋಲಾರ)

ದಿನಕ್ಕೆ ಬೆರಳೆಣಿಕೆಯ ರೈಲು, ಸ್ಟೇಷನ್ ಟರ್ಮಿನಲ್ ಪಕ್ಕದಲ್ಲೂ ಇಲ್ಲ. ಹೊತ್ತು ಹೊಂದಿದರೆ ಅದೃಷ್ಟ. ಅದನ್ನೇ ನಂಬಿ ವಿಮಾನ ಬುಕ್ ಮಾಡಬೇಡಿ.

ಪ್ರಶ್ನೆ: ದುಬೈನಲ್ಲಿ ಇಳಿದ ಕಡೆಯೇ ಮೆಟ್ರೊ ಇದೆಯಂತೆ? (ಗೌರಿಬಿದನೂರು)

ಟರ್ಮಿನಲ್ 1 ಮತ್ತು 3ರಲ್ಲಿ ಇದೆ, 2ರಲ್ಲಿ ಇಲ್ಲ. ಟಿಕೆಟ್ ನೋಡಿ.